ಇನ್ನೆರಡು ಹಸು ಕಟ್ಟಬೇಕಾ, ಮೇವಿಗೆ ಜಮೀನು ಗುತ್ತಿಗೆ ಹಿಡಿಯಬೇಕಾ? ಮೊದಲು ಏಪ್ರಿಲ್ ತಿಂಗಳ ಲೆಕ್ಕ ಹಾಕಿ

ಅಕ್ಟೋಬರ್‌ನಲ್ಲಿ ಯಾರ ಕೊಟ್ಟಿಗೆಯಲ್ಲಿ ನಿಂತರೂ ‘ಇನ್ನೆರಡು ಹಸು ಕಟ್ಟಬಹುದು’ ಅನ್ನಿಸುತ್ತದೆ. ಬದು ತುಂಬ ಹುಲ್ಲು. ಬೋರ್‌ವೆಲ್ ಚೆನ್ನಾಗಿ ಹೊಡೆಯುತ್ತಿದೆ. ಡೇರಿ ಬಟವಾಡೆಯೂ ಪರವಾಗಿಲ್ಲ. ಅದೇ ಹೊತ್ತಿಗೆ ಊರು ಬಿಟ್ಟು ಬೆಂಗಳೂರು ಸೇರಿದವರೊಬ್ಬರು ಸಿಕ್ಕಿ, ‘ನಮ್ಮ ಜಮೀನು ಸುಮ್ನೆ ಬಿದ್ದಿದೆ, ವರ್ಷಕ್ಕೆ ಇಷ್ಟು ಅಂತ ಕೊಟ್ಟು ಮೇವು ಬೆಳ್ಕೊಳ್ಳಿ’ ಅಂತಾರೆ. ಅಲ್ಲಿಗೆ ತೀರ್ಮಾನ ಆಗಿಯೇ ಹೋಗುತ್ತದೆ. ಆ ತೀರ್ಮಾನಕ್ಕೆ ಪರೀಕ್ಷೆ ಬರುವುದು ಏಪ್ರಿಲ್‌ನಲ್ಲಿ.

ತುಮಕೂರು, ಮಂಡ್ಯ, ಹಾಸನ, ಕೋಲಾರದ ಕಡೆ ನಾಲ್ಕೈದು ಸೀಮೆಹಸು ಇಟ್ಟುಕೊಂಡು ಡೇರಿಗೆ ಹಾಲು ಹಾಕುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎಷ್ಟು ಹಸು ಕಟ್ಟಬಹುದು ಅಂತ ತೀರ್ಮಾನಿಸುವುದು ಬೇಸಿಗೆಯ ಮೇವು. ಕೊಟ್ಟಿಗೆಯ ಜಾಗ, ಬ್ಯಾಂಕಿನ ಸಾಲ ಎಲ್ಲ ಆಮೇಲಿನ ಮಾತು. ಇನ್ನೊಂದು, ನೀರಾವರಿ ಜಮೀನನ್ನು ವರ್ಷಪೂರ್ತಿ ಗುತ್ತಿಗೆ ಹಿಡಿಯುವುದಕ್ಕಿಂತ ಮಳೆಗಾಲದ ಒಂದು ಬೆಳೆಗೆ ಮಾತ್ರ ಹೊಲ ಹಿಡಿದು ರಸಮೇವು (ಹಸಿಮೇವನ್ನು ಕತ್ತರಿಸಿ, ಗಾಳಿಯಾಡದಂತೆ ಮುಚ್ಚಿ ಹುದುಗಿಸಿಡುವ ಸೈಲೇಜ್) ಮಾಡಿಕೊಳ್ಳುವುದು ಎಷ್ಟೋ ಜನರಿಗೆ ಹೆಚ್ಚು ಗಿಟ್ಟುತ್ತದೆ.

ಮೊದಲು: ಇರುವ ಹಸುಗಳು ಪೂರ್ತಿ ಕರೆಯುತ್ತಿವೆಯಾ?

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಪ್ರತಿ ಹಸುವಿಗೆ ಒಂದು ಪುಟ. ಈದ ದಿನ, ಸೆಮೆನ್ ಹಾಕಿಸಿದ ದಿನ, ಗಬ್ಬ ಖಾತ್ರಿಯಾದ ದಿನ, ಹಾಲು ಬತ್ತಿಸಿದ ದಿನ ಬರೆಯಿರಿ. ನೆನಪಿದ್ದಷ್ಟು ಹಳೆಯದನ್ನೂ ಸೇರಿಸಿ. ಒಂದು ಸೂಲಿನಿಂದ ಇನ್ನೊಂದು ಸೂಲಿಗೆ ಎಷ್ಟು ತಿಂಗಳು ಹಿಡಿದಿದೆ ಅಂತ ನೋಡಿ.

13–14 ತಿಂಗಳಾದರೆ ಚೆನ್ನಾಗಿದೆ. 18 ತಿಂಗಳಾಗಿದ್ದರೆ ನಿಮ್ಮ ದುಡ್ಡು ಅಲ್ಲೇ ಸೋರುತ್ತಿದೆ. ಲೆಕ್ಕ ನೋಡಿ. ಒಂದು ಹಸು 305 ದಿನ, ಸರಾಸರಿ 9 ಲೀಟರ್ ಕೊಟ್ಟರೆ ಒಟ್ಟು 2,745 ಲೀಟರ್. ಅದು 14 ತಿಂಗಳಿಗೊಮ್ಮೆ ಈದರೆ ಕಟ್ಟಿ ಮೇಯಿಸಿದ ಪ್ರತಿ ದಿನಕ್ಕೆ ಸುಮಾರು 6.5 ಲೀಟರ್ ಬಿತ್ತು. 18 ತಿಂಗಳಿಗೊಮ್ಮೆ ಈದರೆ, ಕೊನೆಕೊನೆಗೆ ಎಳೆದೆಳೆದು ಕರೆದದ್ದನ್ನೂ ಸೇರಿಸಿ 3,000 ಲೀಟರ್ ಅಂತಲೇ ಇಟ್ಟುಕೊಳ್ಳಿ, ದಿನಕ್ಕೆ 5.5 ಲೀಟರ್. ನಾಲ್ಕು ಹಸುವಿಗೆ ದಿನಕ್ಕೆ ನಾಲ್ಕು ಲೀಟರ್ ವ್ಯತ್ಯಾಸ. ಒಂದು ರೂಪಾಯಿ ಸಾಲ ಮಾಡದೆ ಅರ್ಧ ಹಸುವಿಗಿಂತ ಜಾಸ್ತಿ ಹಾಲು ಬಂದಹಾಗೆ.

ಇದನ್ನು ಸರಿಮಾಡುವುದು ಹೇಗೆ? ಈದು ಎರಡು ತಿಂಗಳಾದ ಮೇಲೆ ಬೆದೆ ತಪ್ಪಿಸಬೇಡಿ. ಬೆದೆ 21 ದಿನಕ್ಕೊಮ್ಮೆ ಬರುತ್ತದೆ, ತಪ್ಪಿದರೆ ಮತ್ತೆ ಮೂರು ವಾರದ ಮೇವು ದಂಡ. ಬಹಳ ಸೀಮೆಹಸುಗಳು ಕೂಗುವುದೇ ಇಲ್ಲ. ಬೆಳಿಗ್ಗೆ ಕೊಟ್ಟಿಗೆ ಗುಡಿಸುವ ಮೊದಲು, ರಾತ್ರಿ ಮಲಗುವ ಮೊದಲು ಹಿಂದೆ ನಿಂತು ಲೋಳೆ ಇದೆಯಾ ಅಂತ ನೋಡಬೇಕು. ಬೆಳಿಗ್ಗೆ ಕಂಡರೆ ಸಂಜೆ ಸೆಮೆನ್ ಹಾಕಿಸಿ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಎರಡು-ಮೂರು ತಿಂಗಳಿಗೆ ಗಬ್ಬ ಪರೀಕ್ಷೆ ಮಾಡಿಸಿ. ‘ಮತ್ತೆ ಬೆದೆಗೆ ಬಂದಿಲ್ಲ, ಗಬ್ಬ ಆಗಿರಬೇಕು’ ಅಂತ ಐದು ತಿಂಗಳು ಕಾದು, ಆಮೇಲೆ ಖಾಲಿ ಅಂತ ಗೊತ್ತಾಗುವ ಕಥೆ ಪ್ರತಿ ಊರಿನಲ್ಲೂ ಇದೆ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಕೊಡುವುದನ್ನು ಮಾತ್ರ ನಿಲ್ಲಿಸಬೇಡಿ.

ಈ ಪುಟಗಳು ಸರಿಯಿಲ್ಲದಿದ್ದರೆ ಇಲ್ಲಿಗೇ ನಿಲ್ಲಿ. ನಾಲ್ಕು ಹಸು ಹೊತ್ತಿಗೆ ಸರಿಯಾಗಿ ಗಬ್ಬ ಕಟ್ಟದ ಮನೆಯಲ್ಲಿ ಆರು ಹಸುವೂ ಕಟ್ಟುವುದಿಲ್ಲ.

ಮೇವನ್ನು ಕಣ್ಣಳತೆಯಲ್ಲಿ ಅಳೆಯಬೇಡಿ, ತೂಗಿ

400 ಕಿಲೋ ತೂಗುವ ಕರೆಯುವ ಹಸುವಿಗೆ ದಿನಕ್ಕೆ ಸುಮಾರು 25 ಕಿಲೋ ಹಸಿಮೇವು, 5 ಕಿಲೋ ಒಣಹುಲ್ಲು ಬೇಕು. ಹಿಂಡಿ-ಬೂಸಾ-ಫೀಡ್ ಬೇರೆ. ಕಡಸನ್ನು, ಅಂದರೆ ಇನ್ನೂ ಈಯದ ಎಳೆ ಹಸುವನ್ನು, ಅರ್ಧ ಹಸು ಅಂತ ಹಿಡಿಯಿರಿ. ಈಗ ನಾಲ್ಕು ಹಸು, ಎರಡು ಕಡಸು ಇವೆ, ಇನ್ನೆರಡು ಹಸು ತರಬೇಕು ಅಂತ ಇಟ್ಟುಕೊಳ್ಳೋಣ. ಒಟ್ಟು ಏಳು ಹಸುವಿನ ಲೆಕ್ಕ. ದಿನಕ್ಕೆ 175 ಕಿಲೋ ಹಸಿಮೇವು. ವರ್ಷಕ್ಕೆ 64 ಟನ್.

ಈಗ ನಿಮ್ಮ ಸೀಮೆಹುಲ್ಲಿನ (ನೇಪಿಯರ್) ತಾಕಿಗೆ ಹೋಗಿ. ನಾಲ್ಕು ಕೋಲು, ಒಂದು ಟೇಪು, ಒಂದು ತೂಗುವ ಕೊಕ್ಕೆ ತಕ್ಕಡಿ ಸಾಕು. ಕೊಯ್ಲಿಗೆ ಬಂದ ಕಡೆ, ಅಂಚು ಬಿಟ್ಟು ಒಳಗೆ, 10 ಅಡಿ ಉದ್ದ 10 ಅಡಿ ಅಗಲ ಗುರುತು ಮಾಡಿ. ಅಲ್ಲಿರುವುದನ್ನಷ್ಟೇ ಕೊಯ್ದು ತೂಗಿ. ಒಂದು ಗುಂಟೆ ಅಂದರೆ 1,089 ಚದರಡಿ, ಹಾಗಾಗಿ ಬಂದ ತೂಕವನ್ನು 11ರಿಂದ ಗುಣಿಸಿದರೆ ಗುಂಟೆಯ ಇಳುವರಿ. ಚೆನ್ನಾಗಿ ಬೆಳೆದ ಕಡೆ ಒಂದು, ಸೊರಗಿದ ಕಡೆ ಒಂದು ಅಂತ ಎರಡು ಚೌಕ ಕೊಯ್ದು ಸರಾಸರಿ ಹಿಡಿಯಿರಿ. ಚೆನ್ನಾಗಿರುವ ಕಡೆ ಮಾತ್ರ ಅಳೆಯುವ ಆಸೆ ಎಲ್ಲರಿಗೂ ಬರುತ್ತದೆ, ಅಲ್ವಾ?

ಚೌಕಕ್ಕೆ 24 ಕಿಲೋ ಬಂತು ಅನ್ನಿ. ಗುಂಟೆಗೆ 264 ಕಿಲೋ. 175 ಕಿಲೋಗೆ ದಿನಕ್ಕೆ ಮುಕ್ಕಾಲು ಗುಂಟೆಗಿಂತ ಸ್ವಲ್ಪ ಕಡಿಮೆ ಕೊಯ್ದರೆ ಸಾಕು. ಸೀಮೆಹುಲ್ಲು ನಾಟಿ ಮಾಡಿ 75 ದಿನಕ್ಕೆ ಮೊದಲ ಕೊಯ್ಲು, ಆಮೇಲೆ 45 ದಿನಕ್ಕೊಮ್ಮೆ. ಅಂದರೆ ಒಂದು ಸುತ್ತಿಗೆ 30 ಗುಂಟೆ. ‘ಓ, ಮುಕ್ಕಾಲು ಎಕರೆ ಇದ್ದರೆ ಆರು ಹಸು ಆಯಿತು’ ಅಂತ ಅನ್ನಿಸುವುದು ಇಲ್ಲೇ.

ಇದೇ ಚೌಕವನ್ನು ಏಪ್ರಿಲ್‌ನಲ್ಲಿ ಅಳೆಯಿರಿ. ವಿದ್ಯುತ್ ಕೈಕೊಟ್ಟು, ಬೋರ್‌ವೆಲ್ ಅರ್ಧ ಇಂಚಿಗೆ ಇಳಿದಾಗ ಗುಂಟೆಗೆ 120 ಕಿಲೋ ಬಂದರೆ ಹೆಚ್ಚು. 45 ದಿನಕ್ಕೆ ಬರುತ್ತಿದ್ದ ಕೊಯ್ಲು 60 ದಿನಕ್ಕೆ ಹೋಗುತ್ತದೆ. ಆಗ ದಿನಕ್ಕೆ ಒಂದೂವರೆ ಗುಂಟೆ ಕೊಯ್ಯಬೇಕು, 60 ದಿನದ ಸುತ್ತಿಗೆ 87 ಗುಂಟೆ ಬೇಕು. ಎರಡು ಎಕರೆ ದಾಟಿತು! ಅದೇ ಹಸು, ಅದೇ ಹೊಲ. ಮುಕ್ಕಾಲು ಎಕರೆಗೂ ಎರಡು ಎಕರೆ ಏಳು ಗುಂಟೆಗೂ ನಡುವೆ ಇರುವ ಅಂತರವೇ ಹಸು ಮಾರುವ ಬೇಸಿಗೆ.

ಹೊಸ ತಳಿಯ ಕಡ್ಡಿ ಮಾರುವವರು ಎಕರೆಗೆ 150 ಟನ್, 200 ಟನ್ ಅಂತ ಹೇಳುತ್ತಾರೆ. ಸಿಒ-4 ತರಹದ ಸೀಮೆಹುಲ್ಲಿನ ತಳಿಗಳು ಸಂಶೋಧನಾ ಕೇಂದ್ರದ ತಾಕಿನಲ್ಲಿ 150 ಟನ್ ಮುಟ್ಟುವುದು ನಿಜವೇ. ಅಲ್ಲಿ ನೀರು, ಗೊಬ್ಬರ, ಕೊಯ್ಲು ಎಲ್ಲ ದಿನ ಲೆಕ್ಕದಲ್ಲಿ ನಡೆಯುತ್ತದೆ. ನಮ್ಮ ಹೊಲದಲ್ಲಿ 70 ಟನ್ ಅಂತ ಹಿಡಿದರೆ ರಾತ್ರಿ ನಿದ್ದೆ ಬರುತ್ತದೆ.

ಒಣಹುಲ್ಲನ್ನೂ ಮರೆಯಬೇಡಿ. ಏಳು ಹಸುವಿನ ಲೆಕ್ಕಕ್ಕೆ ವರ್ಷಕ್ಕೆ ಸುಮಾರು 13 ಟನ್. ನಿಮ್ಮ ರಾಗಿಹುಲ್ಲಿನ ಮೆದೆ ಎಷ್ಟು ತಿಂಗಳು ಬರುತ್ತದೆ? ರಾಗಿ ಕೊಯ್ಲಿಗೆ ಯಂತ್ರ ಬಂದ ಮೇಲೆ ಹುಲ್ಲು ಮೊದಲಿನಷ್ಟು ಮನೆಗೆ ಬರುವುದಿಲ್ಲ. ಬತ್ತದ ಹುಲ್ಲಿನ ಕಟ್ಟು ಕೊಳ್ಳುವವರು ಕಟ್ಟಿಗೆ ಇಷ್ಟು ಅಂತ ಚೌಕಾಸಿ ಮಾಡುತ್ತಾರೆ, ತೂಕ ನೋಡುವುದಿಲ್ಲ. ಒಂದು ಯಂತ್ರದ ಕಟ್ಟು 12 ಕಿಲೋ, ಇನ್ನೊಂದರದ್ದು 18 ಕಿಲೋ ಇರಬಹುದು. ಹತ್ತು ಕಟ್ಟು ತೂಗಿಸಿ ಆಮೇಲೆ ಬೆಲೆ ಮಾತಾಡಿ.

ಮೇವು ಕತ್ತರಿಸುವ ಯಂತ್ರ ಇನ್ನೂ ತಂದಿಲ್ಲವೇ? ಹಾಗಾದರೆ ಹಸುವಿಗಿಂತ ಮೊದಲು ಅದನ್ನು ತನ್ನಿ. ಇಡೀ ದಂಟು ಹಾಕಿದರೆ ಹಸು ಎಲೆ ತಿಂದು ಕಡ್ಡಿ ತುಳಿಯುತ್ತದೆ. ಗೋದಲಿಯ ಕೆಳಗೆ ಬಿದ್ದದ್ದನ್ನು ಒಂದು ದಿನ ಗುಡಿಸಿ ತೂಗಿ ನೋಡಿ, ಯಂತ್ರದ ದುಡ್ಡು ಅಲ್ಲೇ ಬಿದ್ದಿರುತ್ತದೆ.

ಗುತ್ತಿಗೆಯ ಜಮೀನು: ಕಾನೂನು ಒಂದು ಮಾತು, ರೂಢಿ ಇನ್ನೊಂದು

ಇದನ್ನು ಬಹಳ ಜನ ಕೇಳುವುದೇ ಇಲ್ಲ. ಕರ್ನಾಟಕ ಭೂಸುಧಾರಣಾ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೃಷಿ ಜಮೀನನ್ನು ಗೇಣಿಗೆ ಕೊಡುವಂತಿಲ್ಲ. ಸೈನಿಕರಂಥ ಕೆಲವರಿಗೆ ಮಾತ್ರ ವಿನಾಯಿತಿ. 1974ರ ತಿದ್ದುಪಡಿಯ ನಂತರ ‘ಉಳುವವನೇ ಹೊಲದೊಡೆಯ’ ಆದ ನೆನಪು ಹಳ್ಳಿಗಳಲ್ಲಿ ಇನ್ನೂ ಹಸಿಯಾಗಿದೆ. ಜಮೀನು ಕೊಟ್ಟವರಿಗೆ ಕಳೆದುಕೊಳ್ಳುವ ಭಯ, ಪಡೆದವರಿಗೆ ಯಾವಾಗ ಬಿಡಿಸುತ್ತಾರೋ ಅನ್ನುವ ಭಯ. ಹಾಗಾಗಿ ಎಲ್ಲ ಬಾಯಿಮಾತಿನಲ್ಲೇ ನಡೆಯುತ್ತದೆ, ಇಲ್ಲವೇ ಬಿಳಿ ಹಾಳೆಯ ಮೇಲೆ. ಪಹಣಿಯಲ್ಲಿ ನಿಮ್ಮ ಹೆಸರು ಬರುವುದಿಲ್ಲ, ಬರ ಪರಿಹಾರವೋ ಬೆಳೆ ವಿಮೆಯೋ ಬಂದರೆ ಅದು ಜಮೀನಿನವರ ಖಾತೆಗೆ. ಜಗಳ ಬಂದರೆ ಆ ಬಿಳಿ ಹಾಳೆ ನಿಮ್ಮನ್ನು ಕಾಪಾಡುವ ಭರವಸೆ ಇಲ್ಲ.

ಇದರಿಂದ ಎರಡು ಮಾತು ಹುಟ್ಟುತ್ತವೆ. ಬೇರೆಯವರ ಜಮೀನಿನಲ್ಲಿ ಬೋರ್‌ವೆಲ್ ಕೊರೆಸಬೇಡಿ, ಪೈಪ್‌ಲೈನ್ ಹೂಳಬೇಡಿ, ತಂತಿಬೇಲಿ ಹಾಕಬೇಡಿ. ಕಿತ್ತುಕೊಂಡು ಬರಲು ಆಗುವಂಥದ್ದನ್ನು ಮಾತ್ರ ಅಲ್ಲಿ ಇಡಿ. ಎರಡನೆಯದು, ಜಮೀನನ್ನೇ ಹಿಡಿಯುವ ಬದಲು ಬೆಳೆಯನ್ನು ಕೊಳ್ಳಿ. ನೀರಿರುವ ರೈತರೊಬ್ಬರ ಹತ್ತಿರ ‘ನೀವು ಮುಸುಕಿನಜೋಳ ಹಾಕಿ, ಹಾಲುಕಾಳು ಬಂದಾಗ ನಾನು ಟನ್ನಿಗೆ ಇಷ್ಟು ಕೊಟ್ಟು ಕೊಯ್ಕೊಳ್ತೀನಿ’ ಅಂತ ಮಾತಾಡಿಕೊಳ್ಳಿ. ಅವರಿಗೆ ಜಮೀನಿನ ಭಯ ಇಲ್ಲ, ನಿಮಗೆ ಬೆಳೆ ಒಣಗುವ ಭಯ ಇಲ್ಲ. ಕಾಗದ ಮಾಡಿಕೊಳ್ಳುವುದಿದ್ದರೆ ತಾಲ್ಲೂಕಿನ ವಕೀಲರೊಬ್ಬರಿಗೆ ಮೊದಲು ತೋರಿಸಿ.

ತಿಪಟೂರು, ಅರಸೀಕೆರೆ ಕಡೆಯವರಿಗೆ ಇನ್ನೊಂದು ದಾರಿ ಇದೆ. ತೆಂಗಿನ ತೋಟದ ನೆಲ. ತೋಟದವರಿಗೂ ಕಳೆ ತೆಗೆಸುವ ಖರ್ಚು ಉಳಿಯುತ್ತದೆ. ಆದರೆ ನೆರಳಿನಲ್ಲಿ ಸೀಮೆಹುಲ್ಲು ಸಪ್ಪಗಾಗುತ್ತದೆ, ಅಲ್ಲಿಗೆ ಗಿನಿಹುಲ್ಲು ಒಳ್ಳೆಯದು. ಮೇವಿಗೆ ಹಾಕುವ ಗೊಬ್ಬರ ಬೇರೆ, ತೆಂಗಿಗೆ ಹಾಕುವುದು ಬೇರೆ ಅಂತ ಮೊದಲೇ ಹೇಳಿಕೊಳ್ಳಿ. ‘ನಿನ್ನ ಹುಲ್ಲು ನನ್ನ ಮರದ ಸತ್ವ ಹೀರಿತು’ ಅನ್ನುವ ಮಾತು ಬಂದೇ ಬರುತ್ತದೆ.

ಗೋಮಾಳದ ಬಗ್ಗೆ ಒಂದೇ ಮಾತು. ನಿಯಮದಲ್ಲಿ ನೂರು ರಾಸುಗಳಿಗೆ 30 ಎಕರೆ ಅಂತಿದೆ. ನಿಮ್ಮೂರಲ್ಲಿ ಎಷ್ಟು ಉಳಿದಿದೆ ಅಂತ ನಿಮಗೇ ಗೊತ್ತು. ಉಳಿದಿದ್ದರೂ ಹಳ್ಳಿಕಾರ್‌ಗೆ, ಎಮ್ಮೆಗೆ, ಕುರಿಗೆ ಆಯಿತು. 12 ಲೀಟರ್ ಕರೆಯುವ ಸೀಮೆಹಸು ಬಿಸಿಲಲ್ಲಿ ನಾಲ್ಕು ಕಿಲೋಮೀಟರ್ ಅಲೆದು ಬಂದರೆ ಹಾಲು ಅಲ್ಲೇ ಕರಗುತ್ತದೆ.

ಗುತ್ತಿಗೆ ಮೇವಿನ ಕಿಲೋಗೆ ಎಷ್ಟು ಬಿತ್ತು?

ಗುತ್ತಿಗೆಯನ್ನು ಎಕರೆ ಲೆಕ್ಕದಲ್ಲಿ ಯೋಚಿಸಬೇಡಿ. ಗೋದಲಿಗೆ ಬಂದು ಬಿದ್ದ ಒಂದು ಕಿಲೋ ಮೇವಿಗೆ ಎಷ್ಟಾಯಿತು ಅಂತ ನೋಡಿ. ಕೆಳಗಿನವು ಬರೀ ಉದಾಹರಣೆ, ನಿಮ್ಮೂರಿನ ದರ ಹಾಕಿಕೊಳ್ಳಿ.

ಗುತ್ತಿಗೆ 25,000 ರೂಪಾಯಿ
ಉಳುಮೆ, ಕಡ್ಡಿ, ನಾಟಿ 20,000
ಗೊಬ್ಬರ 15,000
ನೀರು ಕಟ್ಟುವುದು, ಕೊಯ್ಯುವ ಕೂಲಿ 30,000
ಮನೆಗೆ ಸಾಗಿಸಲು 15,000

ಒಟ್ಟು 1,05,000. ಎಕರೆಗೆ 70 ಟನ್ ಬಂದರೆ ಕಿಲೋಗೆ ಒಂದೂವರೆ ರೂಪಾಯಿ. ನೀರು ಕೈಕೊಟ್ಟು 35 ಟನ್ ಬಂದರೆ ಮೂರು ರೂಪಾಯಿ. ಗುತ್ತಿಗೆ ಹಣ ಎರಡೂ ಸಲ ಅಷ್ಟೇ. ಇದಕ್ಕಿಂತ ಕಡಿಮೆಗೆ ಹಸಿ ಮುಸುಕಿನಜೋಳ ಕೊಳ್ಳಲು ಸಿಗುವ ಊರಿನಲ್ಲಿ ಗುತ್ತಿಗೆ ಯಾಕೆ?

ಸಾಗಣೆಯ ಸಾಲು ಎಲ್ಲರೂ ಮರೆಯುವಂಥದ್ದು. ದಿನಕ್ಕೆ ನೂರು ಕಿಲೋ ಹುಲ್ಲು ಬೈಕಿನಲ್ಲಿ ಎರಡು ಟ್ರಿಪ್. ಜಮೀನು ಮೂರು ಕಿಲೋಮೀಟರ್ ದೂರ ಇದ್ದರೆ ದಿನಕ್ಕೆ ಹನ್ನೆರಡು ಕಿಲೋಮೀಟರ್, ಅದರ ಜೊತೆ ಒಂದು ಗಂಟೆ. ಮಳೆಯಲ್ಲೂ, ಹಬ್ಬದ ದಿನವೂ. ನನ್ನ ಮಟ್ಟಿಗೆ ಎರಡು ಕಿಲೋಮೀಟರ್ ಆಚೆಗಿನ ಜಮೀನು ದಿನಾ ಕೊಯ್ಯುವ ಮೇವಿಗೆ ಬೇಡ. ಒಂದೇ ಸಲ ಕೊಯ್ದು ಟ್ರ್ಯಾಕ್ಟರ್‌ನಲ್ಲಿ ತರುವ ರಸಮೇವಿನ ಬೆಳೆಗಾದರೆ ಆರು ಕಿಲೋಮೀಟರ್ ಆದರೂ ನಡೆಯುತ್ತದೆ.

ನಾನು ಹೆಚ್ಚು ನಂಬುವ ದಾರಿ: ಮುಂಗಾರಿನ ಒಂದು ಬೆಳೆ, ಒಂದು ರಸಮೇವಿನ ಗುಂಡಿ

ಖುಷ್ಕಿ ಹೊಲವನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಬೆಳೆಗೆ ಮಾತ್ರ ಕೇಳಿ. ನೀರಿಲ್ಲದ ಹೊಲಕ್ಕೆ ಬಾಡಿಗೆ ಕಡಿಮೆ, ಆಮೇಲೆ ಹುರುಳಿ ಹಾಕಿಕೊಳ್ಳಲು ಹೊಲ ವಾಪಸ್ ಸಿಗುತ್ತದೆ ಅಂತ ಮಾಲೀಕರೂ ಒಪ್ಪುತ್ತಾರೆ. ಆಫ್ರಿಕನ್ ಟಾಲ್ ಮುಸುಕಿನಜೋಳ ಬಿತ್ತಿ. ಜೊತೆಗೆ ಅಲಸಂದೆ ಸಾಲು ಬಿಡಿ. ನೀರಾವರಿಯಲ್ಲಿ ಎಕರೆಗೆ 16–18 ಟನ್ ಬರುವ ಬೆಳೆ ಇದು, ಮಳೆಯಾಶ್ರಯದಲ್ಲಿ 12 ಟನ್ ಅಂತ ಹಿಡಿಯೋಣ.

ನಮ್ಮ ಏಳು ಹಸುವಿನ ಲೆಕ್ಕಕ್ಕೆ ದಿನಕ್ಕೆ ತಲಾ 12 ಕಿಲೋ ರಸಮೇವು, ಮಾರ್ಚ್‌ನಿಂದ ಮೇ ತಿಂಗಳವರೆಗೆ 90 ದಿನ ಅಂದರೆ ಏಳೂವರೆ ಟನ್. ಹಾಳಾಗುವುದನ್ನೂ ಸೇರಿಸಿ ಒಂಬತ್ತು ಟನ್ ತುಂಬಿಸಬೇಕು. ಮುಕ್ಕಾಲು ಎಕರೆ ಬೆಳೆ ಸಾಕಾಯಿತು. ಏಪ್ರಿಲ್‌ನಲ್ಲಿ 87 ಗುಂಟೆ ಬೇಕಿದ್ದ ಸೀಮೆಹುಲ್ಲು ಈಗ 45 ಗುಂಟೆಗೆ ಇಳಿಯುತ್ತದೆ. ನಿಜವಾಗಿ ಇನ್ನೂ ಕಡಿಮೆಗೇ, ಯಾಕೆಂದರೆ ರಸಮೇವಿನಲ್ಲಿ ನೀರಿನಂಶ ಕಡಿಮೆ, ಕಿಲೋಗೆ ಕಿಲೋ ಹೋಲಿಸಿದರೆ ಸತ್ವ ಜಾಸ್ತಿ.

ಮಾಡುವ ವಿಧಾನದಲ್ಲಿ ಮೂರೇ ಕಡೆ ಕೆಡುತ್ತದೆ. ಕೊಯ್ಯುವ ಹೊತ್ತು ಮೊದಲನೆಯದು. ತೆನೆಯ ಕಾಳನ್ನು ಉಗುರಲ್ಲಿ ಒತ್ತಿದರೆ ನೀರು ಚಿಮ್ಮಬಾರದು, ಹಾಲು ಗಟ್ಟಿಯಾಗಿ ಹಿಟ್ಟಿನಂತೆ ಆಗುತ್ತಿರಬೇಕು. ಬಿತ್ತಿ 75–80 ದಿನ ಆಗಿರುತ್ತದೆ. ಹಸಿ ಜಾಸ್ತಿ ಇದ್ದರೆ ನೀರು ಬಿಟ್ಟು ಕೊಳೆತ ನಾತ ಬರುತ್ತದೆ. ಕತ್ತರಿಸಿದ ಚೂರನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಂಡಿ ಕೈ ಬಿಚ್ಚಿ. ಉಂಡೆ ನಿಧಾನಕ್ಕೆ ಬಿಚ್ಚಿಕೊಂಡು, ಅಂಗೈ ಬರೀ ತೇವ ಆಗಿದ್ದರೆ ಸರಿ. ನೀರು ತೊಟ್ಟಿಕ್ಕಿದರೆ ಅರ್ಧ ದಿನ ಬಾಡಿಸಿ.

ಎರಡನೆಯದು ತುಳಿತ. ಒಂದು ಇಂಚಿಗಿಂತ ದೊಡ್ಡ ಚೂರು ಬೇಡ, ಪ್ರತಿ ಅಡಿಗೊಮ್ಮೆ ತುಳಿದು ಗಾಳಿ ಹೊರಡಿಸಬೇಕು. ಟ್ರ್ಯಾಕ್ಟರ್ ಹತ್ತಿಸಲು ಆಗುವಂತೆ ಗುಂಡಿ ಮಾಡಿದರೆ ಸುಲಭ. ಒಂದು ಘನ ಮೀಟರ್‌ಗೆ 500 ಕಿಲೋ ಹಿಡಿಯುತ್ತದೆ, ಹಾಗಾಗಿ ಒಂಬತ್ತು ಟನ್‌ಗೆ 18 ಘನ ಮೀಟರ್. ಮೂರನೆಯದು ಮುಚ್ಚುವುದು. ದಪ್ಪ ಪ್ಲಾಸ್ಟಿಕ್ ಹಾಕಿ, ಮೇಲೆ ಮಣ್ಣು. ಇಲಿ, ಹೆಗ್ಗಣ ತೂತು ಮಾಡಿದರೆ ಅಷ್ಟು ದೂರ ಬೂಷ್ಟು ಹಿಡಿಯುತ್ತದೆ. 45 ದಿನಕ್ಕೆ ತಯಾರು. ಬೂಷ್ಟು ಹಿಡಿದದ್ದನ್ನು ‘ಹಾಳಾಗುತ್ತಲ್ಲ’ ಅಂತ ಗಬ್ಬದ ಹಸುವಿಗೆ ಹಾಕಬೇಡಿ, ತಿಪ್ಪೆಗೆ ಎಸೆಯಿರಿ.

ಮುಂಗಾರು ಕೈಕೊಟ್ಟರೆ? ಮುಸುಕಿನಜೋಳದ ಬದಲು ಜೋಳ ಹಾಕಿದ್ದು, ಅದು ಮೊಣಕಾಲೆತ್ತರಕ್ಕೇ ಬಾಡಿ ನಿಂತಿದ್ದರೆ ಹಸುವನ್ನು ಅದರ ಹತ್ತಿರ ಬಿಡಬೇಡಿ. ಎಳೆ ಜೋಳ, ಅದರಲ್ಲೂ ನೀರಿಲ್ಲದೆ ಒಣಗಿ ಮತ್ತೆ ಚಿಗುರಿದ್ದು, ವಿಷ. ಹೊಟ್ಟೆಗೆ ಬಿದ್ದರೆ ಡಾಕ್ಟರ್ ಬರುವಷ್ಟು ಸಮಯ ಸಿಗುವುದಿಲ್ಲ.

ಹಸು ತನ್ನ ಖರ್ಚು ತಾನು ದುಡಿಯುತ್ತಾ?

ಮೊದಲಿನ 9 ಲೀಟರ್ ಹಸುವನ್ನೇ ತೆಗೆದುಕೊಳ್ಳೋಣ. 14 ತಿಂಗಳ ಲೆಕ್ಕದಲ್ಲಿ ದಿನಕ್ಕೆ 6.5 ಲೀಟರ್. ಡೇರಿಯಲ್ಲಿ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ನೋಡಿ 35 ರೂಪಾಯಿ ಕಟ್ಟಿದರು ಅಂತ ಇಟ್ಟುಕೊಂಡರೆ ದಿನಕ್ಕೆ 227 ರೂಪಾಯಿ. ಖರ್ಚು ನೋಡಿ. ದೇಹ ನಡೆಯಲು ಎರಡು ಕಿಲೋ ಫೀಡ್, ಆಮೇಲೆ ಪ್ರತಿ ಎರಡೂವರೆ ಲೀಟರ್‌ಗೆ ಒಂದು ಕಿಲೋ. ಬತ್ತಿದ ದಿನಗಳನ್ನೂ ಸೇರಿಸಿ ಹರಡಿದರೆ ದಿನಕ್ಕೆ 4.6 ಕಿಲೋ, ಕಿಲೋಗೆ 28 ರೂಪಾಯಿಯಂತೆ 128. ಹಸಿಮೇವು ಒಂದೂವರೆ ರೂಪಾಯಿಯಂತೆ 38. ಒಣಹುಲ್ಲು 30. ಔಷಧಿ, ಖನಿಜ ಮಿಶ್ರಣ, ವಿಮೆ 12. ಒಟ್ಟು 208. ಉಳಿದದ್ದು 20 ರೂಪಾಯಿ ಹತ್ತಿರ. ಅದರಲ್ಲಿ ನಿಮ್ಮ ಕೂಲಿ ಇಲ್ಲ, ಸಾಲದ ಕಂತು ಇಲ್ಲ. ಹಸಿಮೇವು ಮೂರು ರೂಪಾಯಿ ಆದರೆ ಆ 20 ಹೋಗಿ ಕೈಯಿಂದ 18 ಹಾಕಬೇಕು.

ಸರಾಸರಿ 12 ಲೀಟರ್ ಕೊಡುವ ಹಸುವಾದರೆ ಇದೇ ಲೆಕ್ಕದಲ್ಲಿ ದಿನಕ್ಕೆ 70 ರೂಪಾಯಿ ಉಳಿಯುತ್ತದೆ. ಸರಾಸರಿ 12 ಅಂದರೆ ಈದ ಎರಡನೇ ತಿಂಗಳಲ್ಲಿ 16–18 ಕೊಡುವ ಹಸು. ಮಾರುವವರು ಹೇಳುವುದು ಯಾವಾಗಲೂ ಆ ಎರಡನೇ ತಿಂಗಳ ಹಾಲನ್ನು.

ಈಗ ಸಾಲ. ಎರಡು ಹಸುವಿಗೆ ಎರಡು ಲಕ್ಷ, ನಾಲ್ಕು ವರ್ಷ, ಶೇ 11 ಬಡ್ಡಿ ಅಂದರೆ ತಿಂಗಳಿಗೆ ಸುಮಾರು 5,200 ಕಂತು. ಎರಡು ಒಳ್ಳೆಯ ಹಸುಗಳು ತಿಂಗಳಿಗೆ ಉಳಿಸುವುದು 4,200. ಸಾಲದು! ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನ ಸೇರಿದರೆ ಇನ್ನೊಂದು 2,600 ಬಂದು ಕಂತು ಕಟ್ಟಿ ಸ್ವಲ್ಪ ಉಳಿಯುತ್ತದೆ. ಆ ಹಣ ಬಟವಾಡೆಯ ಜೊತೆ ಬರುವುದಿಲ್ಲ, ತಿಂಗಳುಗಟ್ಟಲೆ ತಡ ಆಗುವುದುಂಟು. ಕಂತಿನ ದಿನ ಮಾತ್ರ ತಡ ಆಗುವುದಿಲ್ಲ. ಹಾಗಾಗಿ ಮೂರು ತಿಂಗಳ ಕಂತನ್ನು ಮೊದಲೇ ಕೈಯಲ್ಲಿಟ್ಟುಕೊಳ್ಳದೆ ಸಾಲಕ್ಕೆ ಸಹಿ ಹಾಕಬೇಡಿ. ಫೀಡ್, ಮೇವಿನ ಖರ್ಚಿಗೆ ಹಸು ಸಾಕುವವರಿಗೂ ಕಿಸಾನ್ ಕ್ರೆಡಿಟ್ ಕಾರ್ಡ್ ಸಿಗುತ್ತದೆ, ಹೊರಗಿನ ಕೈಸಾಲಕ್ಕಿಂತ ಬಡ್ಡಿ ಎಷ್ಟೋ ಕಡಿಮೆ.

ಲೆಕ್ಕ ಸುಧಾರಿಸುವ ಜಾಗ ಫೀಡಿನ ಸಾಲು. ಆರೆಂಟು ಕಿಲೋ ದ್ವಿದಳ ಮೇವು, ಅಂದರೆ ಅಲಸಂದೆ, ಕುದುರೆಮೆಂತ್ಯ, ಅಗಸೆ ಸೊಪ್ಪಿನಂಥದ್ದು, ಪ್ರೋಟೀನಿನ ಮಟ್ಟಿಗೆ ಒಂದು ಕಿಲೋ ಫೀಡಿಗೆ ಸಮ. ಬದುವಿನ ಉದ್ದಕ್ಕೂ ಅಗಸೆ ಹಾಕಿದವರಿಗೆ ಇದರ ಲಾಭ ಗೊತ್ತು. ಗುತ್ತಿಗೆ ಜಮೀನಿಗಿಂತ ಸ್ವಂತ ಬದು ಅಗ್ಗ.

ಕೈ, ನೀರು, ಕೆಟ್ಟ ವರ್ಷ

ಹಸು ಜಾಸ್ತಿ ಮಾಡೋಣ ಅಂತ ಹೇಳುವವರು ಸಾಮಾನ್ಯವಾಗಿ ಗಂಡಸರು, ಬೆಳಿಗ್ಗೆ ಐದಕ್ಕೆ ಸಗಣಿ ಬಾಚುವವರು ಹೆಂಗಸರು. ಅವರನ್ನು ಮೊದಲು ಕೇಳಿ. ನಾಲ್ಕು ಹಸು ಮನೆಯವರೇ ನಿಭಾಯಿಸಬಹುದು. ಆರು ದಾಟಿದರೆ ಆಳು ಇಲ್ಲವೇ ಕರೆಯುವ ಯಂತ್ರ ಬೇಕಾಗುತ್ತದೆ, ಆಗ ಮೇಲಿನ 70 ರೂಪಾಯಿಯ ಲೆಕ್ಕ ಮತ್ತೆ ಹೊಸದಾಗಿ ಹಾಕಬೇಕು. ನೀರು ಕರೆಯುವ ಹಸುವಿಗೆ ದಿನಕ್ಕೆ 60–80 ಲೀಟರ್, ಬೇಸಿಗೆಯಲ್ಲಿ ಇನ್ನೂ ಜಾಸ್ತಿ, ತೊಳೆಯಲು ಬೇರೆ. ಕೊಟ್ಟಿಗೆಯಲ್ಲಿ ತಲಾ 40 ಚದರಡಿ ನೆರಳು.

2023ನ್ನು ನೆನಪಿಸಿಕೊಳ್ಳಿ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು. ಇಂಥ ವರ್ಷ ದುಡ್ಡು ಕೊಟ್ಟರೂ ಹುಲ್ಲು ಸಿಗುವುದಿಲ್ಲ, ಯಾಕೆಂದರೆ ಎಲ್ಲರಿಗೂ ಒಟ್ಟಿಗೇ ಬೇಕು. ಜಿಲ್ಲೆಯಿಂದ ಆಚೆ ಮೇವು ಸಾಗಿಸಬಾರದು ಅಂತ ಆದೇಶಗಳೂ ಬರುತ್ತವೆ. ಆಗ ಹಸು ಮಾರೋಣ ಅಂದರೆ ಎಲ್ಲರೂ ಮಾರುವವರೇ. 2020ರ ಗೋಹತ್ಯೆ ನಿಷೇಧ ಕಾಯ್ದೆಯ ನಂತರ ಮುದಿಹಸು, ಬರಡು ಹಸು, ಹೋರಿಕರುಗಳಿಗೆ ಗಿರಾಕಿ ಕಡಿಮೆ. ಆ ಕಾಯ್ದೆ ಸರಿಯೋ ತಪ್ಪೋ ಅನ್ನುವ ಚರ್ಚೆ ಬೇರೆ. ಲೆಕ್ಕದ ಪುಸ್ತಕದಲ್ಲಿ ಮಾತ್ರ ಹಾಲು ನಿಲ್ಲಿಸಿದ ಹಸುವಿನ ಬೆಲೆಯನ್ನು ಸೊನ್ನೆ ಅಂತಲೇ ಬರೆಯಿರಿ, ಅದರ ಮೇವನ್ನು ಖರ್ಚಿಗೆ ಸೇರಿಸಿ. ಹೊಸ ಹಸುಗಳಿಗೆ ಲಿಂಗ ನಿರ್ಧರಿತ ಸೆಮೆನ್ ಹಾಕಿಸಿದರೆ ಹತ್ತರಲ್ಲಿ ಒಂಬತ್ತು ಹೆಣ್ಣುಕರು ಬರುತ್ತದೆ, ಅದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಆಗಲಿ ಅಂತ ತೀರ್ಮಾನಿಸಿದರೆ, ಯಾವುದು ಮೊದಲು?

ಮೇವು ಮೊದಲು, ಹಸು ಆಮೇಲೆ. ಜೂನ್‌ನಲ್ಲಿ ಕಡ್ಡಿ ನಾಟಿ, ಮುಸುಕಿನಜೋಳ ಬಿತ್ತನೆ. ಸೆಪ್ಟೆಂಬರ್‌ನಲ್ಲಿ ಗುಂಡಿ ಮುಚ್ಚಿ. ಗುಂಡಿ ತುಂಬಿದರೆ ಮಾತ್ರ ಹಸು ನೋಡಲು ಹೊರಡಿ. ತುಂಬದಿದ್ದರೆ ಈ ವರ್ಷ ಬೇಡ. ಎರಡನ್ನೂ ಒಟ್ಟಿಗೆ ತರಬೇಡಿ. ಒಂದು ಈಗ, ಇನ್ನೊಂದು ನಾಲ್ಕೈದು ತಿಂಗಳ ನಂತರ. ಆಗ ಎಲ್ಲ ಒಂದೇ ಸಲ ಬತ್ತುವುದಿಲ್ಲ, ಬಟವಾಡೆ ಒಂದೇ ಸಮ ಬರುತ್ತದೆ. ಮನೆಯಲ್ಲೇ ಒಳ್ಳೆಯ ಕಡಸು ಇದ್ದರೆ ಕೊಳ್ಳುವುದನ್ನು ಒಂದಕ್ಕೆ ಇಳಿಸಿ.

ಎರಡನೇ ಸೂಲಿನ, ಈದು ತಿಂಗಳೊಳಗಿನ ಹಸು ನೋಡಿ. ಹಿಂದಿನ ಸಂಜೆಯೇ ಹೋಗಿ ನಿಮ್ಮ ಕಣ್ಣೆದುರು ಪೂರ್ತಿ ಕರೆಸಿ, ಅಲ್ಲೇ ಉಳಿದು ಬೆಳಿಗ್ಗೆ ಮತ್ತು ಮರುಸಂಜೆಯ ಹಾಲು ಅಳೆಯಿರಿ. ಆ ಎರಡು ಹೊತ್ತಿನದ್ದೇ ನಿಜವಾದ ಹಾಲು, ಮೊದಲನೆಯದು ಕಟ್ಟಿಟ್ಟದ್ದೂ ಇರಬಹುದು. ನಾಲ್ಕೂ ಮೊಲೆಯನ್ನು ನೀವೇ ಕರೆದು ನೋಡಿ. ಒಂದರಲ್ಲಿ ಗಂಟು, ಹಾಲಿನಲ್ಲಿ ಚೂರು, ಉಪ್ಪುರುಚಿ ಕಂಡರೆ ಕೆಚ್ಚಲುಬಾವು. ಬ್ರುಸೆಲ್ಲಾ ರಕ್ತಪರೀಕ್ಷೆಗೆ ಮಾರುವವರು ಒಪ್ಪದಿದ್ದರೆ ವಾಪಸ್ ಬನ್ನಿ. ಆ ರೋಗ ಕೊಟ್ಟಿಗೆಗೆ ಬಂದರೆ ಬೇರೆ ಹಸುಗಳಿಗೂ ಹರಡಿ ಅವೂ ಕರು ಕಂದು ಹಾಕಬಹುದು, ಮನುಷ್ಯರಿಗೂ ಅಂಟುತ್ತದೆ. ಪಂಜಾಬ್, ಹರಿಯಾಣದಿಂದ ಲಾರಿಯಲ್ಲಿ ಬರುವ 25 ಲೀಟರ್ ಹಸುವಿನ ಆಸೆ ಬೇಡ. ನಮ್ಮ ಮೇವಿಗೆ, ನಮ್ಮ ಬಿಸಿಲಿಗೆ ಅದು 12ಕ್ಕೆ ಇಳಿಯುತ್ತದೆ, ದುಡ್ಡು ಮಾತ್ರ 25ರದ್ದು ಕೊಟ್ಟಿರುತ್ತೀರಿ.

ಮನೆಗೆ ತಂದ ಮೇಲೆ ಮೂರು ವಾರ ಬೇರೆ ಕಡೆ ಕಟ್ಟಿ. ಕಾಲುಬಾಯಿ ಜ್ವರ, ಚರ್ಮಗಂಟು ರೋಗದ ಲಸಿಕೆ ಆಗಿದೆಯಾ ಅಂತ ಕೇಳಿ, ಖಾತ್ರಿ ಇಲ್ಲದಿದ್ದರೆ ಪಶು ಆಸ್ಪತ್ರೆಯಲ್ಲಿ ಹೇಳಿ ಹಾಕಿಸಿ. ಹಳೆಯ ಮನೆಯ ಫೀಡನ್ನೇ ಎರಡು ಚೀಲ ತಂದು, ಹತ್ತು ದಿನದಲ್ಲಿ ನಿಧಾನಕ್ಕೆ ನಿಮ್ಮದಕ್ಕೆ ಬದಲಾಯಿಸಿ. ಕಿವಿಯ 12 ಅಂಕಿಯ ಓಲೆಯ ಫೋಟೋ ತೆಗೆದಿಟ್ಟುಕೊಂಡು ಅದೇ ವಾರ ವಿಮೆ ಮಾಡಿಸಿ. ಓಲೆ ಬಿದ್ದುಹೋದರೆ ಅವತ್ತೇ ಹೊಸದು ಹಾಕಿಸಿ, ಓಲೆ ಇಲ್ಲದೆ ಸತ್ತ ಹಸುವಿಗೆ ವಿಮೆ ಹಣ ಪಡೆಯುವುದು ಬಹಳ ಕಷ್ಟ.